ಗುದ್ದಲಿ ಪೂಜೆ ಆಯಿತು, ಸರ್ಕಾರ ಬದಲಾಯಿತು

ನಮ್ಮ ಓಣಿಗೆ ಚರಂಡಿ ಮತ್ತು ಸಿಮೆಂಟ್ ರಸ್ತೆ ಮಂಜೂರಾಗಿದ್ದು 2023ರ ವಿಧಾನಸಭೆ ಚುನಾವಣೆಗೆ ಸ್ವಲ್ಪ ಮೊದಲು. ಕಲಬುರಗಿಯ ರಿಂಗ್ ರೋಡ್ ದಾಟಿದ ಮೇಲೆ ಬೆಳೆದ ಬಡಾವಣೆ ನಮ್ಮದು. ಮನೆ ಕಟ್ಟಿ ಎಷ್ಟೋ ವರ್ಷ ಆದರೂ ಬಚ್ಚಲ ನೀರು ಪಕ್ಕದ ಖಾಲಿ ಪ್ಲಾಟಿಗೇ ಹೋಗುತ್ತಿತ್ತು. ಹಾಗಾಗಿ ಮಾರ್ಚ್‌ನಲ್ಲಿ ಗುದ್ದಲಿ ಪೂಜೆ ಅಂದಾಗ ಓಣಿಯವರೆಲ್ಲ ಹೋಗಿ ನಿಂತೆವು. ಕಾಯಿ ಒಡೆದರು, ಹಾರ ಹಾಕಿದರು, ಫೋಟೋ ತೆಗೆದರು. ನಮಗೆ ನಿಜವಾಗಿಯೂ ಖುಷಿಯಾಗಿತ್ತು. ಸ್ವಲ್ಪ ದಿನಕ್ಕೆ ಜೆಸಿಬಿ ಬಂದು ಓಣಿಯ ಎರಡೂ ಬದಿ ಉದ್ದಕ್ಕೆ ಅಗೆಯಿತು.

ಮಾರ್ಚ್ 29ಕ್ಕೆ ಚುನಾವಣೆ ಘೋಷಣೆ ಆಯಿತು. ಅದಾದ ಮೇಲೆ ಜೆಸಿಬಿ ಹೋಗಿದ್ದು ಹೋಯಿತು. ಕೇಳಿದರೆ "ನೀತಿ ಸಂಹಿತೆ ಅದರಿ, ಎಲೆಕ್ಷನ್ ಮುಗೀಲಿ" ಅಂದರು. ಮೇ 10ಕ್ಕೆ ಮತದಾನ, 13ಕ್ಕೆ ಫಲಿತಾಂಶ, ಸರ್ಕಾರ ಬದಲಾಯಿತು. ಮೇ 22ಕ್ಕೆ ಹೊಸ ಸರ್ಕಾರ ಒಂದು ಆದೇಶ ಹೊರಡಿಸಿತು. ಹಿಂದಿನ ಸರ್ಕಾರದ ಕಾಮಗಾರಿಗಳನ್ನು ತಡೆಹಿಡಿಯಬೇಕು, ಹಣ ಬಿಡುಗಡೆ ನಿಲ್ಲಿಸಬೇಕು ಅಂತ. ಇಲಾಖೆ, ನಿಗಮ, ಮಂಡಳಿ ಎಲ್ಲದಕ್ಕೂ ಅದು ಅನ್ವಯ. ಇದು ಒಂದು ಪಕ್ಷದ ಚಾಳಿ ಅಂತ ನಾನು ಹೇಳುತ್ತಿಲ್ಲ. 2019ರ ಜುಲೈಯಲ್ಲಿ ಸರ್ಕಾರ ಬದಲಾದಾಗಲೂ ಹಿಂದಿನವರು ಒಪ್ಪಿಗೆ ಕೊಟ್ಟ ಕೆಲಸಗಳಿಗೆ ಇಂಥದ್ದೇ ತಡೆ ಬಿದ್ದಿತ್ತು. ಅಕ್ರಮ ಇದ್ದರೆ ತನಿಖೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಂಗಳೂರಿನಲ್ಲಿ ಒಂದು ಹಾಳೆಗೆ ಸಹಿ ಬಿದ್ದಾಗ ಕಲಬುರಗಿಯ ಒಂದು ಓಣಿಯಲ್ಲಿ ಏನಾಗುತ್ತದೆ ಅನ್ನುವುದನ್ನು ನಾವು ಆ ಮಳೆಗಾಲದಲ್ಲಿ ಅನುಭವಿಸಿದೆವು.

ನಮ್ಮದು ಎರೆ ಮಣ್ಣಿನ ಊರು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಮಣ್ಣು, ಮಳೆ ಬಿದ್ದರೆ ಉಬ್ಬುತ್ತದೆ, ಅಂಟುತ್ತದೆ, ಜಾರುತ್ತದೆ. ಅಂಥ ಮಣ್ಣಲ್ಲಿ ಅಗೆದ ತಗ್ಗನ್ನು ಕಾಂಕ್ರೀಟ್ ಹಾಕದೆ ಬಿಟ್ಟರೆ ಬದಿ ನಿಲ್ಲುವುದಿಲ್ಲ. ಜೂನ್ ಕೊನೆಯಿಂದ ಮಣ್ಣು ಕುಸಿಯಲು ಶುರುವಾಯಿತು. ಒಬ್ಬರ ಕಾಂಪೌಂಡ್ ಗೋಡೆ ಹೊರಕ್ಕೆ ವಾಲಿತು. ಮನೆಯಿಂದ ರಸ್ತೆಗೆ ಬರಲು ಎಲ್ಲರೂ ಶಹಾಬಾದ್ ಕಲ್ಲಿನ ಪರಸಿ ಹಾಕಿಕೊಂಡಿದ್ದರು, ಅವೂ ಜಾರತೊಡಗಿದವು. ಓಣಿಯ ಹಿರಿಯ ಅಜ್ಜಿಯೊಬ್ಬರು ಬೆಳಗ್ಗೆ ಹಾಲಿಗೆ ಅಂತ ಹೊರಗೆ ಬಂದವರು ಪರಸಿ ಸಮೇತ ತಗ್ಗಿಗೆ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮರುದಿನ ನಾವು ಐದಾರು ಜನ ಕೆಲಸಕ್ಕೆ ರಜೆ ಹಾಕಿ ಹೊರಟೆವು. ಯಾರನ್ನು ಕೇಳಬೇಕು ಅಂತ ಗೊತ್ತಿರಲಿಲ್ಲ. ಕೇಳುತ್ತಾ ಹೋದರಾಯಿತು ಅಂದುಕೊಂಡೆವು.

ಮೊದಲು ಹೋದ ಕಚೇರಿಯಲ್ಲಿ ಎಂಜಿನಿಯರ್ ಒಬ್ಬರು ಮರ್ಯಾದೆಯಿಂದಲೇ ಕೂರಿಸಿ ಮಾತಾಡಿದರು. ಫೈಲ್ ತರಿಸಿ ನೋಡಿದರು. ಕೆಲಸ ಈ ಕಚೇರಿಯದ್ದು ಹೌದು, ಆದರೆ ದುಡ್ಡು ಬೇರೆ ಕಡೆಯದ್ದು, ದುಡ್ಡು ಕೊಡುವವರು ಹೇಳದೆ ಮುಂದೆ ಹೋಗಲು ಬರುವುದಿಲ್ಲ ಅಂದರು. ನಮ್ಮಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು ಇದ್ದರು. ಅವರು ಒಂದು ಪ್ರಶ್ನೆ ಕೇಳಿದರು. "ಸರ್, ಏಪ್ರಿಲ್‌ದಾಗ ನಿಲ್ಲಿಸಿದ್ದು ಯಾಕ್ರಿ? ಆಗ ಈ ತಡೆ ಆದೇಶ ಇರಲಿಲ್ಲಲ್ಲ?" ಎಂಜಿನಿಯರ್ ನೀತಿ ಸಂಹಿತೆ ಅಂದರು. ಮೇಷ್ಟ್ರು ಬಿಡಲಿಲ್ಲ. ಚುನಾವಣಾ ಆಯೋಗದ ನಿಯಮ ಅವರಿಗೆ ಗೊತ್ತಿತ್ತು. ಎಷ್ಟೋ ಚುನಾವಣೆ ಡ್ಯೂಟಿ ಮಾಡಿದವರು ಅಲ್ವಾ. ವರ್ಕ್ ಆರ್ಡರ್ ಕೊಟ್ಟಿದ್ದರೂ ಸ್ಥಳದಲ್ಲಿ ಶುರುವಾಗದ ಕೆಲಸವನ್ನು ಸಂಹಿತೆ ಬಂದ ಮೇಲೆ ಶುರು ಮಾಡುವಂತಿಲ್ಲ. ಆದರೆ ಸ್ಥಳದಲ್ಲಿ ಆಗಲೇ ಶುರುವಾದ ಕೆಲಸ ಮುಂದುವರಿಸಬಹುದು. ನಮ್ಮ ಓಣಿ ಅಷ್ಟುದ್ದ ಅಗೆದಿತ್ತು, ಶುರುವಾಗಿಲ್ಲ ಅಂತ ಯಾರೂ ಹೇಳುವ ಹಾಗಿರಲಿಲ್ಲ. ಎಂಜಿನಿಯರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುತ್ತಿಗೆದಾರನ್ನ ಕೇಳ್ರಿ, ಅವನೇ ಮಷಿನ್ ಒಯ್ದಾನ" ಅಂದರು.

ಗುತ್ತಿಗೆದಾರ ಸಿಗಲಿಲ್ಲ. ಕೆಲಸವನ್ನು ನಿಜವಾಗಿ ಮಾಡುತ್ತಿದ್ದ ಸಬ್ ಕಂಟ್ರಾಕ್ಟರ್ ಸಿಕ್ಕ. ಆಳಂದ ನಾಕಾದ ಹತ್ತಿರ ಚಹಾದ ಅಂಗಡಿಯಲ್ಲಿ ಕೂತು ಅವನು ಹೇಳಿದ್ದನ್ನು ಕೇಳಿ ನನಗೆ ಆ ದಿನದಲ್ಲೇ ಹೆಚ್ಚು ಅರ್ಥವಾಯಿತು. ವಯಸ್ಸು ಮೂವತ್ತು ದಾಟಿರಲಿಕ್ಕಿಲ್ಲ. ಅವನನ್ನು ಬೈಯಲೆಂದೇ ಹೋಗಿದ್ದೆವು. "ನೀವು ಬೈರಿ, ಆದ್ರ ನಂದೊಂದು ಕೇಳ್ರಿ" ಅಂದ. ಚರಂಡಿ ಕೆಲಸದಲ್ಲಿ ಮೊದಲು ಅವನ ಕೈಯಿಂದ ದುಡ್ಡು ಹೋಗುತ್ತದೆ. ಜೆಸಿಬಿ ಬಾಡಿಗೆ, ಡೀಸೆಲ್, ಕೂಲಿ, ಕಬ್ಬಿಣ, ಸಿಮೆಂಟ್. ಇಷ್ಟು ಕೆಲಸ ಆಯಿತು ಅಂತ ಅಳತೆ ಪುಸ್ತಕದಲ್ಲಿ ಬರೆದ ಮೇಲೆ ಬಿಲ್. ಆ ಬಿಲ್ ಪಾಸಾಗಿ ದುಡ್ಡು ಬರಲು ತಿಂಗಳುಗಳೇ ಬೇಕು. ಚುನಾವಣೆ ಹತ್ತಿರ ಬಂದಾಗ ಮುಂದೆ ಯಾರು ಬರುತ್ತಾರೋ, ಬಂದವರು ಈ ಬಿಲ್ ಕೊಡುತ್ತಾರೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಅಗೆಯುವ ಕೆಲಸ ಮುಗಿಸಿ ಅಲ್ಲಿಗೇ ನಿಲ್ಲಿಸುತ್ತಾರೆ. ಅಗೆಯಲು ಖರ್ಚು ಕಡಿಮೆ, ಕಾಂಕ್ರೀಟ್ ಹಾಕಲು ಖರ್ಚು ಜಾಸ್ತಿ. ಅಗೆದುಬಿಟ್ಟರೆ ಕೆಲಸ ಶುರುವಾಗಿದೆ ಅನ್ನಲು ಸಾಕ್ಷಿ ಸಿಗುತ್ತದೆ, ಮುಂದೆ ಯಾವ ಸರ್ಕಾರ ಬಂದರೂ ಇದನ್ನು ಸುಲಭವಾಗಿ ರದ್ದು ಮಾಡಲು ಬರುವುದಿಲ್ಲ. ಅವನು ಇದನ್ನು ಹೇಳುವಾಗ ಮುಚ್ಚಿಟ್ಟುಕೊಳ್ಳಲಿಲ್ಲ. ಅವನ ಕೈಕೆಳಗೆ ಇದ್ದ ಯಾದಗಿರಿ ಕಡೆಯ ಕೂಲಿಯವರು ಏಪ್ರಿಲ್‌ನಲ್ಲೇ ಪುಣೆಗೆ ಹೋಗಿಬಿಟ್ಟಿದ್ದರು. ಅವನೇ ಕೈಸಾಲ ಮಾಡಿ ಬಡ್ಡಿ ಕಟ್ಟುತ್ತಿದ್ದ.

ಅಂದರೆ ಚುನಾವಣೆ ಫಲಿತಾಂಶ ಬರುವ ಮೊದಲೇ, ತಡೆ ಆದೇಶ ಬರುವ ಮೊದಲೇ, ಅದರ ಭಯದಿಂದಲೇ ನಮ್ಮ ಕೆಲಸ ನಿಂತಿತ್ತು. ಹೋದ ಸಲ ತಡೆ ಬಿದ್ದದ್ದನ್ನು ನೋಡಿದವನು ಈ ಸಲ ತಾನೇ ಮೊದಲು ನಿಲ್ಲಿಸುತ್ತಾನೆ. ಅಜ್ಜಿ ಬಿದ್ದ ತಗ್ಗು ಹೀಗೆ ತೆರೆದೇ ಉಳಿದಿತ್ತು. ಇದು ಗೊತ್ತಾದ ಮೇಲೆ ನನಗೆ ಆ ಹುಡುಗನ ಮೇಲಿನ ಸಿಟ್ಟು ಇಳಿಯಿತು, ಬೇರೆ ಕಡೆಯ ಸಿಟ್ಟು ಏರಿತು.

ಮಧ್ಯಾಹ್ನ ಕಾರ್ಪೊರೇಟರ್ ಮನೆಗೆ ಹೋದೆವು. ಅವರ ಕಥೆ ಇನ್ನೊಂದು. ಕಲಬುರಗಿ ಮಹಾನಗರ ಪಾಲಿಕೆಯ 55 ವಾರ್ಡುಗಳಿಗೆ ಚುನಾವಣೆ ಆಗಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಪಕ್ಷೇತರ ಒಬ್ಬರು. ಯಾರಿಗೂ ಬಹುಮತ ಇಲ್ಲ. ಮೇಯರ್ ಚುನಾವಣೆಯಲ್ಲಿ ಯಾರು ಯಾರು ಮತ ಹಾಕಬಹುದು, ವಿಧಾನ ಪರಿಷತ್ ಸದಸ್ಯರ ಹೆಸರು ಮತದಾರರ ಪಟ್ಟಿಗೆ ಸೇರಬಹುದೇ ಅನ್ನುವ ಜಗಳ ಕೋರ್ಟಿಗೆ ಹೋಯಿತು. ಮೇಯರ್ ಆಯ್ಕೆ ಆಗಿದ್ದು 2023ರ ಮಾರ್ಚ್‌ನಲ್ಲಿ. ಗೆದ್ದು ಒಂದೂವರೆ ವರ್ಷದ ಮೇಲೆ. ಅಲ್ಲಿವರೆಗೆ ಅಧಿಕಾರಿಗಳೇ ಆಡಳಿತ ನಡೆಸಿದರು. ಸಾಮಾನ್ಯ ಸಭೆ ಇಲ್ಲ, ಸ್ಥಾಯಿ ಸಮಿತಿ ಇಲ್ಲ. "ಜನ ನನ್ನ ಕೇಳತಾರ, ನಾ ಯಾರನ್ನ ಕೇಳಲಿ?" ಅಂದರು ಆ ಕಾರ್ಪೊರೇಟರ್. ನಮ್ಮ ಓಣಿಯ ಕೆಲಸದ ಎಸ್ಟಿಮೇಟ್ ಅವರ ಕಣ್ಣಿಗೂ ಬಿದ್ದಿರಲಿಲ್ಲ. ಆ ಮಾತು ನಂಬಬೇಕೋ ಬೇಡವೋ ಅಂತ ಓಣಿಯವರಲ್ಲೇ ಜಗಳ ಆಯಿತು. ನಾನು ನಂಬಿದೆ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ನಗರ ಯೋಜನೆ, ರಸ್ತೆ, ನೀರು, ಚರಂಡಿ ಎಲ್ಲ ಸೇರಿ 18 ವಿಷಯಗಳನ್ನು ನಗರಾಡಳಿತಕ್ಕೆ ವಹಿಸಬಹುದು ಅಂತ ಪಟ್ಟಿ ಮಾಡಿತು. ಕೊಡುವುದು ಬಿಡುವುದು ರಾಜ್ಯದ ಕೈಯಲ್ಲಿ ಉಳಿಯಿತು. ಹಾಗಾಗಿ ಬಡಾವಣೆಯ ನಕ್ಷೆ ಒಬ್ಬರ ಹತ್ತಿರ, ನೀರಿನ ಪೈಪ್ ಇನ್ನೊಬ್ಬರ ಹತ್ತಿರ, ರಸ್ತೆ ದುಡ್ಡು ಮತ್ತೊಬ್ಬರ ಹತ್ತಿರ.

ಪೈಪಿನ ವಿಷಯ ನಮಗೆ ಆ ದಿನವೇ ಎದುರಾಯಿತು. ಸಂಜೆಗೆ ಮುಂಚೆ ಹೋದ ಇನ್ನೊಂದು ಕಚೇರಿಯಲ್ಲಿ, ನಿಮ್ಮ ಓಣಿಯಲ್ಲಿ 24 ಗಂಟೆ ನೀರಿನ ಹೊಸ ಪೈಪ್ ಬರುವುದಿದೆ, ಸಿಮೆಂಟ್ ರಸ್ತೆ ಈಗಲೇ ಯಾಕೆ ಅಂದರು. 24 ಗಂಟೆ ನೀರು ಕಲಬುರಗಿಗೆ ಹೊಸ ಮಾತಲ್ಲ. ವಿಶ್ವಬ್ಯಾಂಕ್ ಸಾಲದಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಜೊತೆ ನಮ್ಮ ಊರಿನ ಕೆಲವು ಭಾಗಕ್ಕೂ ಪ್ರಯೋಗ ಅಂತ 2008ರ ಹೊತ್ತಿಗೇ ಅದು ಬಂದಿತ್ತು, ಸಕ್ಸಸ್ ಕೂಡ ಆಗಿತ್ತು. ಇಡೀ ಊರಿಗೆ ಅದನ್ನು ತಲುಪಿಸುವ ಕೆಲಸ 2023ರಲ್ಲೂ ನಡೆಯುತ್ತಲೇ ಇತ್ತು. ಪೈಪಿನವರಿಗೆ ರಸ್ತೆ ಯಾವಾಗ ಆಗುತ್ತದೆ ಗೊತ್ತಿಲ್ಲ, ರಸ್ತೆಯವರಿಗೆ ಪೈಪ್ ಯಾವಾಗ ಬರುತ್ತದೆ ಗೊತ್ತಿಲ್ಲ. ಇಬ್ಬರ ಕಚೇರಿಗೂ ಆಟೋದಲ್ಲಿ ಸ್ವಲ್ಪವೇ ದೂರ.

ವಾಪಸ್ ಬರುವಾಗ ಜಗತ್ ಸರ್ಕಲ್ ಹತ್ತಿರ ಮಳೆಗೆ ಸಿಕ್ಕಿ ನಿಂತಿದ್ದಾಗ ಮೇಷ್ಟ್ರು ಹಳೆಯದನ್ನೆಲ್ಲ ತೆಗೆದರು. ಬೀದರ್-ಕಲಬುರಗಿ ರೈಲು ಮಾರ್ಗ 1997-98ರಲ್ಲಿ ಮಂಜೂರಾಯಿತು. 110 ಕಿಲೋಮೀಟರ್. ಆಗಿನ ಅಂದಾಜು ಸುಮಾರು 370 ಕೋಟಿ ರೂಪಾಯಿ. ಉದ್ಘಾಟನೆ ಆಗಿದ್ದು 2017ರ ಅಕ್ಟೋಬರ್‌ನಲ್ಲಿ, ಖರ್ಚು 1,542 ಕೋಟಿ. ವಿಮಾನ ನಿಲ್ದಾಣಕ್ಕೆ ಅಡಿಗಲ್ಲು 2008ರಲ್ಲಿ, ಮೊದಲ ಹಾರಾಟ 2019ರ ನವೆಂಬರ್‌ನಲ್ಲಿ. ಕಲಬುರಗಿಯದ್ದೇ ರೈಲ್ವೆ ವಿಭಾಗಕ್ಕೆ 2014ರಲ್ಲಿ ಅಡಿಗಲ್ಲು ಬಿತ್ತು, ಆಮೇಲೆ ಕೇಂದ್ರದಲ್ಲಿ ಸರ್ಕಾರ ಬದಲಾಯಿತು, ನಾವು ಇನ್ನೂ ಸೊಲ್ಲಾಪುರ ವಿಭಾಗದಲ್ಲೇ ಇದ್ದೇವೆ. 2015ರ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಕರ್ನಾಟಕದ ಏಳು ನಗರಗಳು ಬಂದವು. ದಾವಣಗೆರೆ, ತುಮಕೂರು, ಶಿವಮೊಗ್ಗ ಎಲ್ಲ ಬಂದವು. ಕಲ್ಯಾಣ ಕರ್ನಾಟಕದ ಒಂದೂ ಬರಲಿಲ್ಲ. ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ನಮ್ಮ ಕಲಬುರಗಿ ಕಂದಾಯ ವಿಭಾಗದಲ್ಲೇ ಇವೆ ಅಂತ ಬರೆದಿತ್ತು.

ನಾನು ಒಂದು ವಿಷಯದಲ್ಲಿ ಮೇಷ್ಟ್ರ ಮಾತು ಒಪ್ಪಲಿಲ್ಲ. ಅವರು "ನಮಗ ಯಾರೂ ಕೊಡಂಗಿಲ್ಲ" ಅಂದರು. ಈಗ ಕೊಡುತ್ತಾರೆ. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಬಂತು. 2023-24ರ ಬಜೆಟ್‌ನಲ್ಲಿ ಅದಕ್ಕೆ 5,000 ಕೋಟಿ ರೂಪಾಯಿ ಘೋಷಿಸಿದರು. ಮಂಜೂರಾದ ದುಡ್ಡು ನಮ್ಮ ಓಣಿಗೂ ಬಂದಿತ್ತು ಅಲ್ವಾ? ಅದು ತಗ್ಗಿನ ಹಂತಕ್ಕೆ ಬಂದು ನಿಂತಿತು, ಅಷ್ಟೇ. ಬರೀ ಅನುದಾನ ಎಷ್ಟು ಅಂತ ಕೇಳುವುದನ್ನು ಬಿಟ್ಟು, ಹೋದ ಸರ್ಕಾರದವರು ಅರ್ಧ ಬಿಟ್ಟದ್ದನ್ನು ಈ ಸರ್ಕಾರದವರು ಎಷ್ಟು ದಿನದಲ್ಲಿ ಮುಗಿಸುತ್ತಾರೆ ಅಂತ ನಾವು ಕೇಳಬೇಕು. ಯಾವ ಪಕ್ಷದವರು ಮತ ಕೇಳಲು ಬಂದರೂ ನಾನು ಇದನ್ನೇ ಕೇಳುತ್ತಿದ್ದೇನೆ. ತನಿಖೆ ಮಾಡುವುದಾದರೆ ಮಾಡಲಿ, ಆದರೆ ಅಗೆದ ತಗ್ಗನ್ನು ಮೊದಲು ಮುಚ್ಚಿ ಮಾಡಲಿ. ಬಾಕಿ ಬಿಲ್ ವಿಚಾರಣೆಗೂ ಜನ ಓಡಾಡುವ ದಾರಿಗೂ ಸಂಬಂಧ ಕಲ್ಪಿಸಬಾರದು. ಇಷ್ಟು ಒಂದು ಸಾಲು ಆ ಆದೇಶದಲ್ಲಿ ಇದ್ದಿದ್ದರೆ ಸಾಕಿತ್ತು.

ಆ ದಿನ ಬರಿಗೈಲಿ ಬಂದೆವು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ವರ್ಕ್ ಆರ್ಡರ್ ಮತ್ತು ಎಸ್ಟಿಮೇಟ್ ಪ್ರತಿ ತೆಗೆದುಕೊಂಡೆವು. ಅದರಲ್ಲಿ ಕೆಲಸ ಮುಗಿಸಬೇಕಾದ ತಾರೀಖು ಕಪ್ಪು ಅಕ್ಷರದಲ್ಲಿ ಇತ್ತು. ತಡೆ ಒಂದೊಂದೇ ಕೆಲಸಕ್ಕೆ ಸಡಿಲ ಆಗುತ್ತಾ ನಮ್ಮ ಸರದಿ ಬಂದಾಗ ಚಳಿಗಾಲ. ಕುಸಿದ ಮಣ್ಣನ್ನು ಮತ್ತೆ ಅಗೆಯಬೇಕಾಯಿತು. 2024ರ ಮಾರ್ಚ್ ಮಧ್ಯಕ್ಕೆ ಲೋಕಸಭೆಯ ನೀತಿ ಸಂಹಿತೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ರಾತ್ರಿ ಲೈಟ್ ಹಾಕಿಕೊಂಡು ಕಾಂಕ್ರೀಟ್ ಹಾಕಿದರು. ಕ್ಯೂರಿಂಗ್‌ಗೆ ನೀರು ಹಾಕಿದ್ದು ನಾವೇ, ಮನೆಮನೆಯಿಂದ ಪೈಪ್ ಎಳೆದು. ಅಜ್ಜಿ ಈಗ ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಾರೆ, ಹೊರಗೆ ಬರುವುದಿಲ್ಲ.

ನಮ್ಮ ಚರಂಡಿ ಮುಖ್ಯ ರಸ್ತೆಯ ಮೂಲೆಯಲ್ಲಿ ಬಂದು ನಿಲ್ಲುತ್ತದೆ. ಅಲ್ಲಿಂದ ದೊಡ್ಡ ನಾಲೆಗೆ ಸೇರಿಸುವ ಕೆಲಸ ಬೇರೆ ಪ್ಯಾಕೇಜ್, ಬೇರೆ ಅನುದಾನ. ಅದಕ್ಕೆ ಇನ್ನೂ ಟೆಂಡರ್ ಆಗಿಲ್ಲ. 3 ಲಕ್ಷಕ್ಕಿಂತ ಹೆಚ್ಚು ಜನ ಇರುವ ನಗರದಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನವೇ ಹೇಳುತ್ತದೆ, ಕಲಬುರಗಿ 2011ರ ಜನಗಣತಿಯಲ್ಲೇ 5 ಲಕ್ಷ ದಾಟಿದೆ. ನಮ್ಮ ವಾರ್ಡಿನ ಸಮಿತಿ ನಿಯಮಿತವಾಗಿ ಸಭೆ ಸೇರಬೇಕು, ಪ್ರತಿ ಕೆಲಸದ ವರ್ಕ್ ಆರ್ಡರ್ ಅಲ್ಲಿ ಓದಿ ಹೇಳಬೇಕು, ಪೈಪಿನವರು ರಸ್ತೆಯವರು ಇಬ್ಬರೂ ಅಲ್ಲಿಗೆ ಬರಬೇಕು ಅಂತ ಓಣಿಯವರೆಲ್ಲ ಸಹಿ ಮಾಡಿ ಅರ್ಜಿ ಕೊಟ್ಟಿದ್ದೇವೆ. ಮೇಷ್ಟ್ರು ಅದಕ್ಕೆ ಸ್ವೀಕೃತಿಯ ಸೀಲ್ ಹಾಕಿಸಿಕೊಂಡೇ ಬಂದಿದ್ದಾರೆ. ಬೇರೆ ವಾರ್ಡಿನವರಿಗೆ ಅರ್ಜಿಯ ನಮೂನೆ ಬೇಕಿದ್ದರೆ ಕೊಡುತ್ತೇವೆ.