ಗೋಡೆ ಮೇಲೆ ತಲೆಕೆಳಗಾದ ಕಿಟಕಿ

ಸುಮ್ನೆ ಕೂತಿದ್ದೆ, ಹಳೇ ಭೂತಗನ್ನಡಿ ಕೈಗೆ ಸಿಕ್ಕಿತು. ಕಿಟಕಿಗೆ ಎದುರಾಗಿರುವ ಗೋಡೆ ಹತ್ತಿರ ಹಿಡಿದು ಹಿಂದೆ ಮುಂದೆ ಸರಿಸಿದೆ. ಒಂದು ಜಾಗದಲ್ಲಿ ಮಸುಕೆಲ್ಲ ಹೋಗಿ ಪುಟ್ಟ ಕಿಟಕಿಯೊಂದು ಗೋಡೆ ಮೇಲೆ ಮೂಡಿತು. ಸರಳು, ಹೊರಗಿನ ಮರ, ಎಲ್ಲ ಬಣ್ಣಬಣ್ಣವಾಗಿ. ಆದರೆ ತಲೆಕೆಳಗು! ಹೊರಗೆ ಎಲೆ ಅಲ್ಲಾಡಿದರೆ ಗೋಡೆ ಮೇಲೂ ಅಲ್ಲಾಡುತ್ತಿತ್ತು.

ಬೆಳಕು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡುತ್ತದೆ, ಗಾಜಿನೊಳಗೆ ಸುಮಾರು 2 ಲಕ್ಷ. ಓರೆಯಾಗಿ ಬಿದ್ದ ಕಿರಣ ಬಾಗುವುದು ಇದರಿಂದಲೇ. ಒಂದೇ ಎಲೆಯಿಂದ ಹೊರಟು ಲೆನ್ಸಿನ ತುಂಬ ಹರಡಿ ಬಿದ್ದ ಬೆಳಕು ಆಚೆ ಬದಿಯಲ್ಲಿ ಮತ್ತೆ ಒಂದೇ ಚುಕ್ಕೆಗೆ ಬಂದು ಸೇರುತ್ತದೆ.

ಅರ್ಧ ಲೆನ್ಸನ್ನು ಕೈಯಲ್ಲಿ ಮುಚ್ಚಿ ನೋಡಿದೆ. ಅರ್ಧ ಚಿತ್ರ ಹೋಗುತ್ತದೆ ಅಂದುಕೊಂಡಿದ್ದೆ. ಊಹೂಂ, ಪೂರ್ತಿ ಕಿಟಕಿ ಅಲ್ಲೇ ಇತ್ತು. ಸ್ವಲ್ಪ ಮಂಕಾಯಿತು, ಅಷ್ಟೇ. ಶಾಲೆಯಲ್ಲಿ ಸ್ಕೇಲ್ ಹಿಡಿದು ಕಿರಣಗಳ ಗೆರೆ ಎಳೆದದ್ದೇ ಎಳೆದದ್ದು, ಇದು ಮಾತ್ರ ಹೊಳೆದಿರಲಿಲ್ಲ.

ನಮ್ಮ ಕಣ್ಣೊಳಗೂ ಚಿತ್ರ ಬೀಳುವುದು ಹೀಗೇ ತಲೆಕೆಳಗಾಗಿ, ಅಲ್ವಾ? ಅದನ್ನು ನೆಟ್ಟಗೆ ನೋಡಲು ಒಂದು ದಿನವೂ ಕಷ್ಟಪಟ್ಟಿಲ್ಲ. ಗೋಡೆ ಮೇಲಿನದಕ್ಕೆ ಮಾತ್ರ ಕತ್ತು ವಾರೆ ಮಾಡಿಕೊಂಡು ಹತ್ತು ನಿಮಿಷ ನಿಂತಿದ್ದೆ.