ಫಾರಿನ್‌ಗೆ ಡೇಟಾ ಸರಿ, ಊರಿನ ಸಿಮ್ ಎಲ್ಲಿಡ್ತೀರಿ?

ಅಕ್ಕ ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ನಾವಿರುವುದು ತೀರ್ಥಹಳ್ಳಿ ತಾಲೂಕಿನ ಒಂದು ಮೂಲೆಯಲ್ಲಿ. ಮೊಬೈಲಿಗೆ ಸಿಗ್ನಲ್ ಬೇಕು ಅಂದ್ರೆ ಮನೆ ಹಿಂದಿನ ಗುಡ್ಡ ಹತ್ತಿ ಗೇರು ಮರದ ಬುಡಕ್ಕೆ ಹೋಗಬೇಕು. ಎರಡು ವರ್ಷದಲ್ಲಿ ಎರಡು ಸಲ ಅಕ್ಕನ ಮನೆಗೆ ಹೋಗಿ ಬಂದೆ ನೋಡಿ, ಈಗ ಅಕ್ಕಪಕ್ಕದ ಊರಿನವರು ಯಾರು ಹೊರದೇಶಕ್ಕೆ ಹೊರಟರೂ "ಅಲ್ಲಿ ನೆಟ್ಟಿಗೆ ಎಂಥ ಮಾಡಿದ್ರಿ ಮಾರಾಯ್ರೆ" ಅಂತ ನನ್ನ ಹತ್ರ ಕೇಳ್ತಾರೆ. ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಡ್ತಿದ್ದೇನೆ.

ಎಲ್ಲರೂ ಮೊದಲು ಕೇಳುವುದು ಎಷ್ಟು ಜಿಬಿ, ಎಷ್ಟು ರೂಪಾಯಿ ಅಂತ. ನನ್ನ ಪ್ರಕಾರ ಅದು ಆಮೇಲಿನ ಮಾತು. ಬ್ಯಾಂಕಿಗೆ ಕೊಟ್ಟಿರುವ ನಂಬರಿನ ಸಿಮ್ ಅಲ್ಲಿ ಫೋನಿನೊಳಗೆ ಇರುತ್ತಾ ಇಲ್ವಾ, ಮೊದಲು ಅದನ್ನು ತೀರ್ಮಾನ ಮಾಡಿ.

ನಾನು ಮಾಡಿರಲಿಲ್ಲ. ಮೊದಲ ಸಲ ಒಬ್ಬನೇ ಹೋಗಿದ್ದೆ, ಜೂನ್ ತಿಂಗಳು. ಇಲ್ಲೇ ಸಿಮ್ ಸಿಗುತ್ತೆ ಬಾ ಅಂದಿದ್ದಳು ಅಕ್ಕ. ಸಿಗುತ್ತೆ, ನಿಜ. ಆದರೆ ಜರ್ಮನಿಯಲ್ಲಿ 2017ರ ಜುಲೈಯಿಂದ ಪ್ರೀಪೇಯ್ಡ್ ಸಿಮ್‌ಗೂ ಗುರುತಿನ ದಾಖಲೆ ತೋರಿಸದೆ ಚಾಲೂ ಮಾಡುವ ಹಾಗಿಲ್ಲ. ಸೂಪರ್‌ಮಾರ್ಕೆಟ್‌ನಲ್ಲಿ ಸಿಮ್ ತಗೊಂಡು ಮನೆಗೆ ಬಂದು, ವಿಡಿಯೋ ಕಾಲಿನಲ್ಲಿ ಯಾರೋ ಒಬ್ಬರಿಗೆ ಪಾಸ್‌ಪೋರ್ಟನ್ನು ಹೀಗೆ ಓರೆ ಮಾಡಿ, ಹಾಗೆ ಓರೆ ಮಾಡಿ, ಬೆಳಕಿಗೆ ಹಿಡಿದು ತೋರಿಸಿ ಮುಗಿಸುವಷ್ಟರಲ್ಲಿ ಅರ್ಧ ದಿನ ಹೋಯ್ತು. ನನ್ನ ಹಳೇ ಫೋನಿನಲ್ಲಿ ಎರಡನೇ ಸಿಮ್ಮಿನ ಜಾಗದಲ್ಲಿ ಮೆಮೊರಿ ಕಾರ್ಡ್ ಕೂತಿತ್ತು. ಹಾಗಾಗಿ ಅಕ್ಕನ ಕಿವಿಯೋಲೆಯ ಕಡ್ಡಿಯಿಂದ ಟ್ರೇ ಎಬ್ಬಿಸಿ, ಊರಿನ ಸಿಮ್ ತೆಗೆದು, ಅಂಗಡಿ ಬಿಲ್ಲಿನ ತುಂಡಿನಲ್ಲಿ ಮಡಚಿ ಪಾಸ್‌ಪೋರ್ಟ್ ಕವರಿನೊಳಗೆ ಇಟ್ಟೆ. ವಾಟ್ಸಾಪ್ ಹಳೇ ನಂಬರಿನಲ್ಲೇ ನಡೀತಿತ್ತು. ಎಲ್ಲ ಸರಿಯಾಯ್ತು ಅಂದುಕೊಂಡೆ.

ನಾಲ್ಕನೇ ದಿನ ಅಪ್ಪಯ್ಯನ ಮೆಸೇಜು. ಮಳೆ ಹಿಡಿದಿದೆ, ನಾಳೆ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವವರು ಬರ್ತಾರೆ, ಮೈಲುತುತ್ತ ತಂದಾಯ್ತು, ಅಂಗಡಿಗೆ ದುಡ್ಡು ಹಾಕು. ನೆಟ್ ಬ್ಯಾಂಕಿಂಗ್ ತೆರೆದು ಮೊತ್ತ ಹೊಡೆದೆ. ಓಟಿಪಿ ಕಳಿಸಿದ್ದೇವೆ ಅಂತು. ಎಲ್ಲಿಗೆ? ಬಿಲ್ಲಿನ ತುಂಡಿನಲ್ಲಿ ಮಡಚಿಟ್ಟ ಸಿಮ್ಮಿಗೆ. ಅದನ್ನು ಮತ್ತೆ ಹಾಕಿದೆ, ಫೋನ್ ಎರಡು ಸಲ ಆಫ್ ಮಾಡಿ ಆನ್ ಮಾಡಿದೆ, ಸಿಗ್ನಲ್ಲಿನ ಒಂದು ಕಡ್ಡಿಯೂ ಏಳಲಿಲ್ಲ. ಹೊರಡುವ ಮುಂಚೆ ಆ ಸಿಮ್ಮಿಗೆ ಇಂಟರ್‌ನ್ಯಾಷನಲ್ ರೋಮಿಂಗ್, ಅಂದ್ರೆ ನಮ್ಮ ಸಿಮ್ ಹೊರದೇಶದ ನೆಟ್‌ವರ್ಕ್ ಹಿಡಿಯುವ ಸೌಲಭ್ಯ, ಚಾಲೂ ಮಾಡಿಸಿರಲಿಲ್ಲ. ಸರಿ, ಕಂಪನಿಯ ಆ್ಯಪಿನಲ್ಲಿ ಮಾಡೋಣ ಅಂತ ಹೋದರೆ ಅದರೊಳಗೆ ಹೋಗಲಿಕ್ಕೂ ಓಟಿಪಿ, ಅದೂ ಅದೇ ನಂಬರಿಗೆ. ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಕತೆ. ಕೊನೆಗೆ ತೀರ್ಥಹಳ್ಳಿಯ ಗೆಳೆಯನೊಬ್ಬ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಬಂದ. ಅದನ್ನು ಇವತ್ತಿಗೂ ಸಿಕ್ಕ ಸಿಕ್ಕವರ ಹತ್ರ ಹೇಳ್ತಾನೆ.

ಈ ವರ್ಷ ಅಮ್ಮನ ಜೊತೆ ಮೂರು ವಾರಕ್ಕೆ ಹೊರಟಾಗ ಸ್ವಲ್ಪ ಬುದ್ಧಿ ಬಂದಿತ್ತು. ನಮ್ಮದೇ ಸಿಮ್ಮಿಗೆ ರೋಮಿಂಗ್ ಪ್ಯಾಕ್ ಹಾಕಿಸೋದು ಎಲ್ಲಕ್ಕಿಂತ ಸಲೀಸು, ಅದರಲ್ಲಿ ಅನುಮಾನ ಇಲ್ಲ. ನಂಬರ್ ಅದೇ, ಕಾಲ್ ಬರುತ್ತೆ, ಓಟಿಪಿ ಬರುತ್ತೆ, ಏನನ್ನೂ ತಿರುವಿ ಹಾಕಬೇಕಿಲ್ಲ. ನಾಲ್ಕೈದು ದಿನಕ್ಕೆ ಹೋಗುವವರು, ವಯಸ್ಸಾದವರು ಒಬ್ಬರೇ ಹೋಗುವುದಾದರೆ ಸುಮ್ನೆ ಅದನ್ನೇ ಹಾಕಿಸಿ, ದುಡ್ಡಿನ ಮುಖ ನೋಡಬೇಡಿ. ಆದರೆ ಮೂರು ವಾರ, ಎರಡು ಫೋನು ಅಂತ ಲೆಕ್ಕ ಹಾಕಿದರೆ ಕೈ ಸುಡುತ್ತೆ.

ಹಾಗಾಗಿ ನಾನು ಇ-ಸಿಮ್ ತಗೊಂಡೆ. ಇದರಲ್ಲಿ ಚಿಪ್ಪಿನ ತುಂಡು ಕೈಗೆ ಬರೋದಿಲ್ಲ, ಫೋನಿನೊಳಗೇ ಇರುವ ಚಿಪ್ಪಿಗೆ ಸಿಮ್ಮಿನ ವಿವರ ಇಳಿಯುತ್ತೆ. ಟ್ರೇಯಲ್ಲಿ ಊರಿನ ಸಿಮ್ ಇದ್ದ ಹಾಗೇ ಇರುತ್ತೆ, ನನಗೆ ಬೇಕಾಗಿದ್ದು ಅದೇ. ನಿಮ್ಮ ಫೋನಿಗೆ ಆಗುತ್ತಾ ಅಂತ ತಿಳಿಯಲು *#06# ಒತ್ತಿ. ಫೋನಿನ ಗುರುತಿನ ನಂಬರಾದ ಐಎಂಇಐ ಜೊತೆಗೆ ಇಐಡಿ ಅಂತ 32 ಅಂಕಿಯ ಉದ್ದದ ನಂಬರ್ ಕಂಡರೆ ಸಾಮಾನ್ಯವಾಗಿ ಆಗುತ್ತೆ. ದುಡ್ಡು ಕಟ್ಟಿದ ಮೇಲೆ ಕ್ಯೂಆರ್ ಕೋಡ್ ಮೇಲ್‌ಗೆ ಬಂತು. ಬಂದಿದ್ದು ಯಾವ ಫೋನಿಗೆ? ಸ್ಕ್ಯಾನ್ ಮಾಡಬೇಕಾದ ಫೋನಿಗೇ! ಪೇಟೆಗೆ ಹೋದಾಗ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಅಂಗಡಿಯವರು ಇದು ಯಾವ ಪೇಮೆಂಟಿಂದು ಅಂತ ಎರಡು ಸಲ ಕೇಳಿದರು. ಕೋಡಿನಿಂದ ಇಳಿಸಿಕೊಳ್ಳಲು ನೆಟ್ ಬೇಕು, ಅದಕ್ಕೆ ಹೊರಡುವ ಎರಡು ದಿನ ಮುಂಚೆ ಮನೆಯ ಫೈಬರ್ ವೈಫೈನಲ್ಲಿ, ಕರೆಂಟ್ ಇದ್ದಾಗ ಮಾಡಿ ಮುಗಿಸಿದೆ. ದಿನದ ಲೆಕ್ಕ ಯಾವಾಗಿಂದ ಅಂತ ಓದಿಕೊಳ್ಳಿ. ಕೆಲವು ಅಲ್ಲಿಯ ನೆಟ್‌ವರ್ಕ್ ಹಿಡಿದ ಮೇಲೆ ಎಣಿಸುತ್ತವೆ, ಕೆಲವು ತಗೊಂಡ ದಿನದಿಂದಲೇ. ಮತ್ತೆ, ಇಳಿಸಿಕೊಂಡಿದ್ದನ್ನು ಅಪ್ಪಿತಪ್ಪಿ ಡಿಲೀಟ್ ಮಾಡಬೇಡಿ, ಸಾಮಾನ್ಯವಾಗಿ ಅದೇ ಕೋಡ್ ಇನ್ನೊಂದು ಸಲ ನಡೆಯೋದಿಲ್ಲ.

ಇನ್ನು ಫೋನಿನ ಸೆಟ್ಟಿಂಗ್. ಊರಿನ ಸಿಮ್ ಆನ್ ಇರಬೇಕು, ಆದರೆ ಅದರ ಡೇಟಾ ರೋಮಿಂಗ್ ಆಫ್ ಆಗಿರಬೇಕು. ಡೇಟಾ ಎಲ್ಲ ಇ-ಸಿಮ್ಮಿಂದ. ಹೊರಡುವ ಮುಂಚೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ರೋಮಿಂಗ್ ಚಾಲೂ ಆಗಿದೆಯಾ ಅಂತ ಕೇಳಿಯೇ ಹೊರಡಿ, ಕೆಲವದಕ್ಕೆ ಅದಕ್ಕಂತಲೇ ರೀಚಾರ್ಜ್ ಬೇಕಾಗುತ್ತೆ. ಇಷ್ಟಾದರೆ ಬರುವ ಎಸ್ಸೆಮ್ಮೆಸ್ಸಿಗೆ ಸಾಮಾನ್ಯವಾಗಿ ದುಡ್ಡು ಹಿಡಿಯೋದಿಲ್ಲ. ಕಾಲ್ ಮಾತ್ರ ಹಾಗಲ್ಲ. ಪ್ಯಾಕ್ ಇಲ್ಲದೆ ಎತ್ತಿದರೆ ಬಂದ ಕಾಲಿಗೂ ನಮ್ಮದೇ ದುಡ್ಡು. ಇದನ್ನು ಅಪ್ಪಯ್ಯನಿಗೆ ಅರ್ಥ ಮಾಡಿಸಲು ನನ್ನಿಂದ ಆಗಲಿಲ್ಲ. ಅವರು ಗುಡ್ಡ ಹತ್ತಿ ಮಾಮೂಲಿ ಕಾಲ್ ಮಾಡೋದು, ನಾನು ಕಟ್ ಮಾಡಿ ವಾಟ್ಸಾಪಿನಲ್ಲಿ ಮಾಡೋದು, ಅಷ್ಟರಲ್ಲಿ ಅವರು ಬೇಜಾರಾಗಿ ಗುಡ್ಡ ಇಳಿದಿರೋದು. ಒಂದು ಸಲ ಎತ್ತಿದೆ. ಹುಬ್ಬಳ್ಳಿ ಕಡೆ ಮಳೆ ಹೇಗಂತೆ ಅಂತ ನನ್ನನ್ನೇ ಕೇಳಿದರು, ಜರ್ಮನಿಯಲ್ಲಿ ಕೂತವನನ್ನು.

ವಿಮಾನದಲ್ಲಿ ಫ್ಲೈಟ್ ಮೋಡ್ ಹಾಕೋದು ಬರೀ ಗಗನಸಖಿಯರ ಸಮಾಧಾನಕ್ಕಲ್ಲ. ಕೆಲವು ವಿಮಾನಗಳಲ್ಲಿ ಅದರದ್ದೇ ಮೊಬೈಲ್ ನೆಟ್‌ವರ್ಕ್ ಇರುತ್ತೆ, ಊರಿನ ಸಿಮ್ ಅದನ್ನು ಹಿಡಿದರೆ ದರ ನೆಲದ ಮೇಲಿನದ್ದಲ್ಲ.

ಅಮ್ಮನ ಫೋನಿನಲ್ಲಿ ಇ-ಸಿಮ್ ಆಗೋದಿಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಲೂ ಇಲ್ಲ. ಅಕ್ಕನ ಮನೆಯಲ್ಲಿ ವೈಫೈ, ಹೊರಗೆ ನನ್ನ ಹಾಟ್‌ಸ್ಪಾಟ್. 5 ಜಿಬಿ ತಗೊಂಡಿದ್ದೆ, ಮೂರು ವಾರಕ್ಕೆ ಸಾಕಾಯ್ತು. ಸ್ಟುಟ್‌ಗಾರ್ಟ್ ಮ್ಯಾಪನ್ನು ಮೊದಲೇ ಇಳಿಸಿಟ್ಟಿದ್ದೆ, ಫೋಟೋ ಬ್ಯಾಕಪ್ ವೈಫೈನಲ್ಲಿ ಮಾತ್ರ ಅಂತ ಮಾಡಿದ್ದೆ. ಡೇಟಾ ನಿಜವಾಗಿ ತಿನ್ನೋದು ವಿಡಿಯೋ ಕಾಲ್. ಅನ್‌ಲಿಮಿಟೆಡ್ ಅಂತ ದೊಡ್ಡದಾಗಿ ಬರೆದಿರುವ ಪ್ಲಾನುಗಳ ಕೆಳಗಿನ ಸಣ್ಣ ಅಕ್ಷರ ಓದಿ, ದಿನಕ್ಕೆ ಇಷ್ಟು ದಾಟಿದರೆ ಸ್ಪೀಡ್ ಇಳಿಸ್ತೇವೆ ಅಂತ ಬಹಳಷ್ಟರಲ್ಲಿ ಇರುತ್ತೆ.

ಇಷ್ಟೆಲ್ಲ ಮಾಡಿಯೂ ನಾನು ಮುಗ್ಗರಿಸಿದ್ದು ದೇಶದ ಪಟ್ಟಿಯಲ್ಲಿ. ಯುರೋಪಿಯನ್ ಯೂನಿಯನ್ನಿನ ದೇಶಗಳ ನಡುವೆ 2017ರ ಜೂನ್ 15ರಿಂದ ರೋಮಿಂಗ್‌ಗೆ ಹೆಚ್ಚಿನ ದುಡ್ಡಿಲ್ಲ. ಜರ್ಮನಿಯ ಸಿಮ್ ಫ್ರಾನ್ಸಿನಲ್ಲೂ ಇಟಲಿಯಲ್ಲೂ ಹಾಗೇ ನಡೆಯುತ್ತೆ. ಯೂನಿಯನ್ನಿಗೆ ಸೇರದ ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್ ಕೂಡ ಈ ಲೆಕ್ಕಕ್ಕೆ ಬರುತ್ತವೆ. ಸ್ವಿಟ್ಜರ್‌ಲೆಂಡ್ ಬರೋದಿಲ್ಲ. ನಾನು ತಗೊಂಡಿದ್ದರ ಮೇಲೆ 'ಯುರೋಪ್' ಅಂತಿತ್ತು, ಪಟ್ಟಿ ಪೂರ್ತಿ ಓದುವ ತಾಳ್ಮೆ ಯಾರಿಗಿದೆ?

ಒಂದು ಭಾನುವಾರ ಭಾವ ಕಾರಿನಲ್ಲಿ ರೈನ್ ಜಲಪಾತಕ್ಕೆ ಕರ್ಕೊಂಡು ಹೋದರು. ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ, ಸಿಂಗೆನ್ ದಾಟಿ ಗಡಿಯಾಚೆ ಶಾಫ್‌ಹೌಸನ್ ಹತ್ತಿರ. 150 ಮೀಟರ್ ಅಗಲ, 23 ಮೀಟರ್ ಎತ್ತರ. ಹಿಮ ಕರಗಿದ ನೀರು ಜೂನ್‌ನಲ್ಲಿ ಜೋರಾಗಿಯೇ ಬರುತ್ತೆ, ಸುಳ್ಳು ಹೇಳಬಾರದು. ಆದರೆ 253 ಮೀಟರ್ ಜೋಗ ನೋಡಿ ಬೆಳೆದವರು ಅಮ್ಮ. ಕಟಾಂಜನ ಹಿಡಿದು ನೋಡಿದರು, ಮೇಲೆ ನೋಡಿದರು, ಇನ್ನೂ ಮೇಲೇನಾದರೂ ಇದೆಯಾ ಅಂತ ಹುಡುಕಿದರು. "ಇಷ್ಟೇನಾ? ಅಪ್ಪಯ್ಯನಿಗೆ ತೋರಿಸು, ನಗಲಿ."

ಫೋನ್ ತೆಗೆದರೆ ಡೇಟಾ ಇಲ್ಲ. ಇ-ಸಿಮ್ ಗಡಿಯಲ್ಲೇ ಕೈ ಬಿಟ್ಟಿತ್ತು. ಭಾವನ ಪ್ಲಾನಿನಲ್ಲಿ ಸ್ವಿಟ್ಜರ್‌ಲೆಂಡೂ ಸೇರಿತ್ತು, ಅವರ ಹಾಟ್‌ಸ್ಪಾಟ್ ಹಿಡಿದು ಕಾಲ್ ಮಾಡಿದೆ. ಊರಿನಲ್ಲಿ ಮಧ್ಯಾಹ್ನ ಮೂರೂವರೆ, ಬೆಳಗಿನಿಂದ ಕರೆಂಟಿಲ್ಲ, ಅಂದ ಮೇಲೆ ಮನೆ ವೈಫೈ ಇಲ್ಲ, ಅಪ್ಪಯ್ಯ ಕೊಡೆ ಹಿಡಿದು ಗೇರು ಮರದ ಕೆಳಗೆ ನಿಂತಿದ್ದರು. ಕೊಡೆಯ ಕಡ್ಡಿಯಿಂದ ನೀರು ಇಳಿಯುವುದು ಜಲಪಾತಕ್ಕಿಂತ ಚೆನ್ನಾಗಿ ಕಾಣ್ತಿತ್ತು. ಅಮ್ಮ ಫೋನನ್ನು ನೀರಿನ ಕಡೆ ತಿರುಗಿಸಿದರು. ಚಿತ್ರ ನಿಂತಿತು, ಮತ್ತೆ ಹೊರಟಿತು, ಮತ್ತೆ ನಿಂತಿತು.

"ಕಾಣ್ತು, ಕಾಣ್ತು" ಅಂದರು ಅಪ್ಪಯ್ಯ. "ಅದಿರ್ಲಿ, ಮೈಲುತುತ್ತದ ದುಡ್ಡು ಹಾಕಿದ್ಯಾ?"

ಹಾಕಿದ್ದೆ. ಹಿಂದಿನ ದಿನವೇ, ಓಟಿಪಿ ಎಂಟು ಸೆಕೆಂಡಿನಲ್ಲಿ ಬಂದಿತ್ತು.