ಹೊಸ ಕ್ರಿಸ್ಟಾ: ಮೂರು ಸಾಲಿನಲ್ಲೂ ಕೂತು ನೋಡಿದ ಮೇಲೆ

ಹಾಸನದ ನಮ್ಮ ಮನೆಗೆ ಟೊಯೊಟಾ ಇನ್ನೋವಾ ಕ್ರಿಸ್ಟಾ ಬಂದು ಒಂದು ಮಳೆಗಾಲ ಕಳೆದಿದೆ. ಜಿಎಕ್ಸ್ ಮಾದರಿ, ಏಳು ಸೀಟು, ಬಿಳಿ ಬಣ್ಣ. 2.4 ಲೀಟರ್ ಡೀಸೆಲ್ ಎಂಜಿನ್, ಐದು ಗೇರು, ಎಲ್ಲ ಕೈಯಲ್ಲೇ ಹಾಕಬೇಕು. 2023ರಲ್ಲಿ ಈ ಗಾಡಿ ಮತ್ತೆ ಮಾರಾಟಕ್ಕೆ ಬಂದಾಗಿನಿಂದ ಆಟೋಮ್ಯಾಟಿಕ್ ಇಲ್ಲ, ಪೆಟ್ರೋಲೂ ಇಲ್ಲ.

ತಗೊಳ್ಳುವ ಮುಂಚೆ ನೋಡಿದ ರಿವ್ಯೂಗಳೆಲ್ಲ ಡ್ರೈವರ್ ಸೀಟಿನಲ್ಲಿ ಕೂತು ಮಾಡಿದವು. ಹಿಂದಿನ ಸಾಲಿಗೆ ಒಂದು ನಿಮಿಷ ಹೋಗಿ, ಮೊಣಕಾಲಿನ ಮುಂದೆ ಕೈ ಇಟ್ಟು ತೋರಿಸಿ, ಇಳಿದುಬಿಡ್ತಾರೆ. ನಮ್ಮ ಮನೆಯಲ್ಲಿ ಓಡಿಸೋದು ನಾನೊಬ್ಬ, ಕೂರೋದು ಆರು ಜನ. ಈ ಗಾಡಿಯನ್ನು ಅಳೆಯಬೇಕಾದ್ದು ಹಿಂದಿನಿಂದ ಅಂತ ನನಗೀಗ ಖಾತ್ರಿಯಾಗಿದೆ. ಡ್ರೈವರ್ ಸೀಟು ಇದರಲ್ಲಿ ಮೂರನೇ ದರ್ಜೆಯ ಜಾಗ.

ಹೈಕ್ರಾಸ್ ಬಿಟ್ಟು ಇದು ಯಾಕೆ

ಎಲ್ಲರೂ ಕೇಳೋ ಪ್ರಶ್ನೆ ಇದೇ. ಹೈಕ್ರಾಸ್ ಅಂದರೆ ಟೊಯೊಟಾದ್ದೇ ಇನ್ನೊಂದು ಇನ್ನೋವಾ. ಪೆಟ್ರೋಲ್ ಜೊತೆ ಬ್ಯಾಟರಿ ಮೋಟಾರೂ ಇರುವ ಅದರ ಹೈಬ್ರಿಡ್‌ಗೆ ಲೀಟರಿಗೆ 23.24 ಕಿ.ಮೀ. ಅಂತ ಪ್ರಮಾಣಪತ್ರ ಇದೆ. ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 2850 ಮಿ.ಮೀ., ಕ್ರಿಸ್ಟಾದ್ದು 2750. ಆ ನೂರು ಮಿ.ಮೀ. ಮೂರನೇ ಸಾಲಿನಲ್ಲಿ ಚೆನ್ನಾಗಿ ಗೊತ್ತಾಗುತ್ತೆ, ಸುಳ್ಳು ಹೇಳಬಾರದು. ಊರೊಳಗೇ ಜಾಸ್ತಿ ಓಡಿಸುವವರು ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ.

ನಮ್ಮ ಲೆಕ್ಕ ಬೇರೆ. ಸಕಲೇಶಪುರದ ಆಚೆ ತೋಟ ಇದೆ. ಕೊನೆಯ ಎರಡು ಕಿ.ಮೀ. ಮಣ್ಣುರಸ್ತೆ, ಮಳೆಗಾಲದಲ್ಲಿ ಅದೂ ಇರಲ್ಲ. ಹೈಕ್ರಾಸ್‌ನದು ಕಾರಿನ ಹಾಗೆ ಒಂದೇ ತುಂಡಿನ ಬಾಡಿ, ಮುಂದಿನ ಚಕ್ರಕ್ಕೆ ಎಳೆತ. ಕ್ರಿಸ್ಟಾ ಲಾರಿ ಥರ ಚಾಸಿಯ (ಕಬ್ಬಿಣದ ಚೌಕಟ್ಟಿನ) ಮೇಲೆ ಕೂತ ಗಾಡಿ, ಹಿಂದಿನ ಚಕ್ರಕ್ಕೆ ಎಳೆತ. ಜನ, ಗೊಬ್ಬರದ ಚೀಲ, ಮೆಣಸಿನ ಮೂಟೆ ಹೇರಿಕೊಂಡು ಹೋಗೋಕೆ ನನಗೆ ಇದೇ ಸರಿ ಅನಿಸಿತು.

ತೆರಿಗೆ ಬಗ್ಗೆ ಒಂದು ಮಾತು. ಇಂಥ ದೊಡ್ಡ ಗಾಡಿಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 40, ಬೇರೆ ಪರಿಹಾರ ಸೆಸ್ ಇಲ್ಲ. ಮುಂಚೆ ಎರಡೂ ಸೇರಿ ಇದಕ್ಕಿಂತ ಜಾಸ್ತಿ ಆಗ್ತಿತ್ತು. ಆ ಖುಷಿ ಬಿಲ್ಲಿನಲ್ಲಿ ಆರ್‌ಟಿಒ ಸಾಲು ನೋಡುವವರೆಗೆ ಮಾತ್ರ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗೆ ಶೇ. 18, ಅದರ ಮೇಲೆ ಸೆಸ್. ಬಿಡದಿಯಲ್ಲೇ ತಯಾರಾಗುವ ಗಾಡಿ ಅಲ್ವಾ, ಸ್ವಲ್ಪ ರಿಯಾಯಿತಿ ಕೊಡಬಾರದೇ!

ಗಾಡಿ ಬಂದ ವಾರ

ಮೊದಲು ಗೊತ್ತಾಗಿದ್ದು ಕ್ಲಚ್. ಗಟ್ಟಿ. ಸ್ಟಿಯರಿಂಗ್ ಹೈಡ್ರಾಲಿಕ್, ಹಾಗಾಗಿ ನಿಂತಲ್ಲೇ ತಿರುಗಿಸಲು ತೋಳಿಗೆ ಕೆಲಸ. ಕಟ್ಟಿನಕೆರೆ ಮಾರ್ಕೆಟ್ ಕಡೆ ಸಂಜೆ ಹೊತ್ತು ಒಂದು ಸುತ್ತು ಹಾಕಿದರೆ ಎಡಗಾಲು ಬೈಯುತ್ತೆ. ಉದ್ದ 4735 ಮಿ.ಮೀ., ಅಗಲ 1830. ನಮ್ಮ ಕಾಂಪೌಂಡಿನ ಗೇಟಿನಲ್ಲಿ ಕನ್ನಡಿ ಮಡಚಿಕೊಂಡೇ ಒಳಗೆ ಬರಬೇಕು. ಹೆದ್ದಾರಿಗೆ ಬಿದ್ದ ಮೇಲೆ ಅದೇ ಸ್ಟಿಯರಿಂಗ್ ತೂಕ ಹಿತ ಅನಿಸುತ್ತೆ. ಅಲ್ಲಾಡದೆ ನೆಟ್ಟಗೆ ಹೋಗುತ್ತೆ.

ಅಜ್ಜಿ ಹತ್ತೋದು ದೊಡ್ಡ ಪ್ರಶ್ನೆಯಾಯ್ತು. ನೆಲ ಎತ್ತರದಲ್ಲಿದೆ, ಅವರಿಗೆ ಮಂಡಿನೋವು. ಮೊದಲು ಅಡುಗೆಮನೆಯ ಮರದ ಮಣೆ ಡಿಕ್ಕಿಯಲ್ಲಿ ಇಟ್ಟುಕೊಂಡೆವು. ಹತ್ತುವಾಗ ಯಾರೋ ಒಬ್ಬರು ಇಡಬೇಕು, ಆಮೇಲೆ ಮರೆಯದೆ ಎತ್ತಿಕೊಳ್ಳಬೇಕು. ಈಗ ಎರಡೂ ಕಡೆ ಫುಟ್‌ಬೋರ್ಡ್ ಹಾಕಿಸಿದ್ದೇನೆ. ಮಳೆಯಲ್ಲಿ ಇಳಿಯುವವರ ಪ್ಯಾಂಟಿಗೆ, ಸೀರೆಗೆ ಕೆಸರು ಮೆತ್ತುತ್ತೆ, ಆದರೆ ಅಜ್ಜಿ ಯಾರ ಕೈಯನ್ನೂ ಹಿಡಿಯದೆ ಹತ್ತುತ್ತಾರೆ. "ಇಷ್ಟು ಮೊದಲೇ ಮಾಡಿಸೋಕೆ ಏನಾಗಿತ್ತೋ ನಿಂಗೆ" ಅಂದರು. ಅದೇ ಅವರ ರಿವ್ಯೂ.

ಶೋರೂಮಿನವರು ಕೋಟಿಂಗು, ಕ್ರೋಮು, ಕುಶನ್ನು ಅಂತ ಉದ್ದ ಪಟ್ಟಿ ಮುಂದಿಟ್ಟಿದ್ದರು. ಮಡ್‌ಫ್ಲಾಪ್, ರಬ್ಬರ್ ಮ್ಯಾಟ್ ಬಿಟ್ಟು ಏನನ್ನೂ ತಗೊಂಡಿಲ್ಲ. ಒಳಗೆ ತಿಳಿ ಬಣ್ಣದ ಬಟ್ಟೆಯ ಸೀಟಿದೆ, ಮಕ್ಕಳೂ ಇದ್ದಾರೆ. ಕವರ್ ಮಾತ್ರ ಬೇಗ ಹೊಲಿಸಬೇಕು.

ಚಾರ್ಮಾಡಿ, ಶಿರಾಡಿ

ಸಾವಿರ ಕಿ.ಮೀ. ತಪಾಸಣೆ ಮುಗಿಸಿಕೊಂಡು ಧರ್ಮಸ್ಥಳಕ್ಕೆ ಹೊರಟೆವು. ಏಳೂ ಸೀಟು ಭರ್ತಿ. ಹೋಗುವಾಗ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ. ಬರುವಾಗ ಗುಂಡ್ಯ, ಶಿರಾಡಿ, ಸಕಲೇಶಪುರ.

ನಡುವಿನ ಸಾಲಿನ ಕ್ಯಾಪ್ಟನ್ ಸೀಟು, ಅಂದರೆ ಒಬ್ಬೊಬ್ಬರಿಗೆ ಬಿಡಿ ಸೀಟು, ಈ ಗಾಡಿಯ ಸಿಂಹಾಸನ. ಕೈ ಇಡಲು ಜಾಗ, ಹಿಂದಕ್ಕೆ ಒರಗುತ್ತೆ, ಹಿಂದೆ ಮುಂದೆ ಜರುಗುತ್ತೆ. ಅಜ್ಜಿ ಬೇಲೂರು ದಾಟುವ ಮುಂಚೆ ನಿದ್ದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ವಾಸನೆಗೆ ಎದ್ದರು.

ಮೂರನೇ ಸಾಲಿನ ಕಥೆ ಬೇರೆ. ಕೆಳಗೆ ಆಕ್ಸಲ್, ಚಾಸಿ ಇರೋದರಿಂದ ನೆಲ ಮೇಲಿದೆ, ಮೊಣಕಾಲು ಎದೆ ಕಡೆ ಬರುತ್ತೆ. ನನ್ನ ಎತ್ತರದವರಿಗೆ ಒಂದು ತಾಸು ಪರವಾಗಿಲ್ಲ, ಆಮೇಲೆ ಇಳಿದು ನಡೆದಾಡಬೇಕು ಅನಿಸುತ್ತೆ. ನಡುವಿನ ಸೀಟನ್ನು ಎರಡು ಬೆರಳಷ್ಟು ಮುಂದೆ ಸರಿಸಿದರೆ ಹಿಂದಿನವರ ಕಷ್ಟ ಅರ್ಧ ಕಡಿಮೆ. ನಡುವೆ ಕೂತವರನ್ನು ಒಪ್ಪಿಸೋದೇ ಕಷ್ಟ. ಮಕ್ಕಳಿಗೆ ಹಿಂದೆ ಜಾಗ ಧಾರಾಳ. ತಿರುವುಗಳಲ್ಲಿ ಮಾತ್ರ ಎತ್ತರದ ಗಾಡಿ ವಾಲುತ್ತೆ, ಆ ವಾಲಾಟ ಹಿಂದೆ ಕೂತವರಿಗೇ ಜಾಸ್ತಿ. ಚಾರ್ಮಾಡಿಯ ಅರ್ಧದಲ್ಲಿ ತಮ್ಮನ ಮಗಳು ವಾಂತಿ ಮಾಡಿಕೊಂಡಳು. ಅವಳನ್ನು ಅಮ್ಮನ ಜಾಗಕ್ಕೆ ಕೂರಿಸಿದೆವು, ಅಮ್ಮ ಹಿಂದೆ ಹೋದರು. ವಾಂತಿ ಮತ್ತೆ ಬರಲಿಲ್ಲ. ಘಾಟಿಯಲ್ಲಿ ಯಾರು ಎಲ್ಲಿ ಕೂರಬೇಕು ಅನ್ನೋದನ್ನು ಮನೆಯಲ್ಲೇ ತೀರ್ಮಾನಿಸಿ ಹೊರಡಿ. ಹುಣಸೆಹಣ್ಣೋ, ನಿಂಬೆಹಣ್ಣೋ ಇರಲಿ.

ಇಳಿಜಾರಿನಲ್ಲಿ ಎರಡು, ಮೂರನೇ ಗೇರಿನಲ್ಲೇ ಇಳಿಸಿದೆ. ಎಂಜಿನ್ನೇ ಹಿಡಿದುಕೊಳ್ಳುತ್ತೆ, ಬ್ರೇಕಿಗೆ ಕೆಲಸ ಕಡಿಮೆ.

ಶಿರಾಡಿ ಹತ್ತುವಾಗ ಡೀಸೆಲ್ ಯಾಕೆ ಬೇಕು ಅಂತ ಅರ್ಥವಾಯ್ತು. ಈ ಎಂಜಿನ್ 343 ಎನ್‌ಎಂ ಟಾರ್ಕ್ (ಎಳೆಯುವ ಬಲ) ಕೊಡೋದು 1400ರಿಂದ 2800 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಒಳಗೆ. ಅಂದರೆ ಕಿರುಚಾಡಿಸುವ ಅಗತ್ಯವೇ ಇಲ್ಲ. ಮುಂದೆ ಗ್ಯಾಸ್ ಟ್ಯಾಂಕರ್ ಸಾಲುಗಟ್ಟಿ ಏರುತ್ತಿರುತ್ತವೆ. ಅವುಗಳ ಹಿಂದೆ ಮೂರನೇ ಗೇರಿನಲ್ಲಿ ನಿಧಾನಕ್ಕೆ ಬರಬಹುದು, ದಾರಿ ಸಿಕ್ಕಾಗ ಅದೇ ಗೇರಿನಲ್ಲಿ ಕಾಲು ಒತ್ತಿದರೆ ದಾಟಬಹುದು. ಡೀಸೆಲ್ ಉಳಿಸುವ ಇಕೋ ಮೋಡ್ ಹಾಕಿದ್ದರೆ ಆಕ್ಸಿಲರೇಟರ್ ಮಂದ, ಘಾಟಿಯಲ್ಲಿ ತೆಗೆದುಬಿಡಿ. ಪವರ್ ಮೋಡ್ ಅಗತ್ಯ ನನಗಿನ್ನೂ ಬಿದ್ದಿಲ್ಲ.

ಭರ್ತಿ ಜನ ಇದ್ದಾಗಲೇ ಇದರ ಸಸ್ಪೆನ್ಶನ್ ಚೆನ್ನಾಗಿ ಕೆಲಸ ಮಾಡುತ್ತೆ. ಒಬ್ಬನೇ ಹೋದರೆ ಹಿಂಭಾಗ ಹಂಪಿನ ಮೇಲೆ ಕುಪ್ಪಳಿಸುತ್ತೆ. ತೋಟದ ರಸ್ತೆಯಲ್ಲೂ ಹಾಗೇ. ಖಾಲಿ ಗಾಡಿಯ ಹಿಂದಿನ ಚಕ್ರ ಒದ್ದೆ ಕೆಮ್ಮಣ್ಣಿನ ಏರಿನಲ್ಲಿ ಸುಮ್ನೆ ತಿರುಗುತ್ತಿತ್ತು. ಹಿಂದಕ್ಕೆ ನಾಲ್ಕು ಚೀಲ ಗೊಬ್ಬರ ಹಾಕಿದ ಮೇಲೆ ತಕರಾರಿಲ್ಲದೆ ಹತ್ತಿತು.

ಡೀಸೆಲ್ ಲೆಕ್ಕ

ಸ್ಕ್ರೀನಿನಲ್ಲಿ ತೋರಿಸುವ ಮೈಲೇಜು ಸ್ವಲ್ಪ ಉದಾರ. ನಾನು ಟ್ಯಾಂಕ್ ತುಂಬಿಸಿ ಲೆಕ್ಕ ಹಾಕ್ತೀನಿ: ಅದೇ ಬಂಕು, ಪಂಪು ತಾನಾಗಿ ಕಟ್ ಆದ ಕೂಡಲೇ ನಿಲ್ಲಿಸೋದು, ಮೇಲೆ ಇನ್ನಷ್ಟು ತುರುಕಲ್ಲ. ಊರೊಳಗೆ ಲೀಟರಿಗೆ 10–11. ಬೆಂಗಳೂರು ಹೆದ್ದಾರಿಯಲ್ಲಿ ಗಂಟೆಗೆ 90 ಮೀರದೆ ಹೋದರೆ 15ರ ಆಸುಪಾಸು. ಟ್ಯಾಂಕ್ 55 ಲೀಟರ್, ಹಾಗಾಗಿ ಬೆಂಗಳೂರಿಗೆ ಹೋಗಿ ಬಂದ ಮೇಲೂ ಬಂಕಿನ ನೆನಪು ಬರಲ್ಲ.

ಶಾಲೆ, ಅಂಗಡಿ ಅಂತ ಎರಡೆರಡು ಕಿ.ಮೀ. ಓಡಿಸೋದಕ್ಕೆ ಮಾತ್ರ ಹೊಸ ಡೀಸೆಲ್ ಗಾಡಿ ತಗೋಬೇಡಿ. ಬಿಎಸ್6 (ಹೊಗೆ ಮಿತಿಯ ನಿಯಮ) ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತೆ, ಡಿಪಿಎಫ್ ಅಂತಾರೆ. ಅದು ಚೆನ್ನಾಗಿ ಕಾದರೆ ಮಾತ್ರ ಆ ಮಸಿ ಸುಟ್ಟುಹೋಗೋದು. ಕಾಯುವ ಮುಂಚೆಯೇ ಎಂಜಿನ್ ಆಫ್ ಮಾಡುತ್ತಾ ಹೋದರೆ ಕಟ್ಟಿಕೊಳ್ಳುತ್ತೆ. ನಮಗೆ ತೋಟದ ಓಡಾಟ ಇರೋದರಿಂದ ಆ ಚಿಂತೆ ಇಲ್ಲ. ಊರೊಳಗಿನ ಸಣ್ಣಪುಟ್ಟ ಕೆಲಸಕ್ಕೆ ಹಳೇ ಸ್ಕೂಟರೇ ಓಡುತ್ತಿದೆ.

ಇಷ್ಟರಲ್ಲಿ

ಬಿಳಿ ಇನ್ನೋವಾ ಅಂದರೆ ಬಾಡಿಗೆ ಗಾಡಿ ಅಂತ ಜನ ತೀರ್ಮಾನ ಮಾಡಿಬಿಟ್ಟಿದ್ದಾರೆ. ಬಸ್ ಸ್ಟ್ಯಾಂಡ್ ಹತ್ತಿರ ಅಮ್ಮನಿಗೆ ಕಾಯುತ್ತಾ ನಿಂತಿದ್ದೆ. ಒಬ್ಬರು ಯಜಮಾನರು ಬಂದು "ಶ್ರವಣಬೆಳಗೊಳ ಹೋಗಿ ಬರೋಕೆ ಎಷ್ಟು ತಗೋತೀರಪ್ಪಾ?" ಅಂದರು. ವೈಟ್ ಬೋರ್ಡ್ ತೋರಿಸಿದೆ. "ಅದಿರಲಿ, ಎಷ್ಟು ಹೇಳಿ" ಅಂದರು!

ಸ್ಟೆಪ್ನಿ ಗಾಡಿಯ ಹೊಟ್ಟೆಯ ಕೆಳಗೆ, ಹಿಂದೆ ನೇತುಹಾಕಿದೆ. ಬಂಪರ್ ಕಡೆಯಿಂದ ರಾಡ್ ತೂರಿಸಿ ತಿರುಗಿಸಿದರೆ ಚೈನಿನಲ್ಲಿ ಇಳಿಯುತ್ತೆ. ಮನೆ ಅಂಗಳದಲ್ಲೇ ತಮ್ಮನ ಜೊತೆ ಒಮ್ಮೆ ಇಳಿಸಿ ಏರಿಸಿ ಅಭ್ಯಾಸ ಮಾಡಿಕೊಂಡೆವು. ರಾತ್ರಿ ಘಾಟಿಯಲ್ಲಿ ಮೊದಲ ಸಲ ಕಲಿಯುವ ವಿದ್ಯೆ ಅಲ್ಲ ಅದು.

ಹಿಂದಿನ ಎಸಿ ಬಗ್ಗೆ ಎಲ್ಲರೂ ಖುಷಿ. ಮೇಲ್ಛಾವಣಿಯಲ್ಲಿ ಎರಡೂ ಸಾಲಿಗೆ ಗಾಳಿಕಿಂಡಿ ಇದೆ, ಫ್ಯಾನ್ ಜೋರು ಮಾಡಲು ಬೇರೆ ಗುಂಡಿ. ಗುಂಡಿ ನಡುವಿನವರ ಕೈಯಲ್ಲಿ ಇರೋದರಿಂದ ಅಜ್ಜಿ ಚಳಿ ಅಂತ ಆಫ್ ಮಾಡ್ತಾರೆ, ಹಿಂದಿನ ಮಕ್ಕಳು ಸೆಕೆ ಅಂತ ಕೂಗ್ತಾರೆ. ಅಜ್ಜಿಯ ತಲೆ ಮೇಲಿನ ಕಿಂಡಿ ಮುಚ್ಚಿ ಫ್ಯಾನ್ ಹಾಗೇ ಬಿಡೋದು ಅಂತ ಸದ್ಯಕ್ಕೆ ರಾಜಿ ಆಗಿದೆ.

ಏಳು ಜನ ಕೂತರೆ ಡಿಕ್ಕಿಯಲ್ಲಿ ಮೂರು ಬ್ಯಾಗು ನಿಲ್ಲಿಸುವಷ್ಟೇ ಜಾಗ. ಕೊನೆಯ ಸಾಲಿನ ಒಂದು ಸೀಟನ್ನು ಪಕ್ಕಕ್ಕೆ ಎತ್ತಿ ಪಟ್ಟಿಯಿಂದ ಕಟ್ಟಿದರೆ ದೊಡ್ಡ ಸೂಟ್‌ಕೇಸು ಹಿಡಿಯುತ್ತೆ, ಆದರೆ ಆ ಕಡೆಯ ಕಿಟಕಿ ಮುಚ್ಚಿಹೋಗುತ್ತೆ. ದೊಡ್ಡಪ್ಪನ ಮಗಳ ಮದುವೆಗೆ ಮಡಿಕೇರಿಗೆ ಹೋಗಬೇಕು. ಏಳು ಜನ, ಎಲ್ಲರ ಸೀರೆ ಪೆಟ್ಟಿಗೆ, ಮೇಲಿಂದ ಎರಡು ಡಬ್ಬ ಚಕ್ಕುಲಿ. ಮೇಲೆ ಕ್ಯಾರಿಯರ್ ಹಾಕಿಸೋದೋ, ತಮ್ಮ ಬಸ್ಸಿನಲ್ಲಿ ಬರೋದೋ ಅಂತ ಮನೆಯಲ್ಲಿ ಚರ್ಚೆ ನಡೀತಿದೆ. ತಮ್ಮನನ್ನು ಬಿಟ್ಟು ಎಲ್ಲರೂ ಬಸ್ಸಿನ ಪರ.